ಸಾಲ ಮಾಡಿ ಹೊಸ ಸೈಕಲ್ ಯಾಕೆ? ಮೊದಲು ಟೈರಿನ ಗಾಳಿ ನೋಡಿ

ಗೆಳೆಯರ ಜೊತೆ ಮೂರು ದಿನ ಕಾಡಿನ ಟ್ರೇಲ್‌ಗೆ ಹೊರಟಿದ್ದೀರಿ. ಬಾಡಿಗೆ ಹಾರ್ಡ್‌ಟೇಲ್ (ಮುಂದೆ ಮಾತ್ರ ಶಾಕ್ ಅಬ್ಸಾರ್ಬರ್ ಇರುವ ಸೈಕಲ್) ಸಾಕಾ, ಸಾಲ ಮಾಡಿಯಾದರೂ ಫುಲ್ ಸಸ್ಪೆನ್ಷನ್ (ಹಿಂದೆಯೂ ಶಾಕ್ ಇರುವ) ಸೈಕಲ್ ತಗೋಬೇಕಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ನನ್ನ ಎಡ ಹೆಗಲು ಚುಳುಕ್ ಅಂದಿತು.

ನಾವೂ ನಾಲ್ಕು ಜನ. ಉಳಿದ ಮೂವರದು ಹಳೇ ಹಾರ್ಡ್‌ಟೇಲ್. ನನ್ನದು ಮಾತ್ರ ಹೊಸದು, ಮುಂದೆ ಹಿಂದೆ ಎರಡೂ ಕಡೆ ಶಾಕ್, ಸಾಲದ್ದೇ. ಹೊರಡುವ ಹಿಂದಿನ ರಾತ್ರಿ ಗಾಳಿ ತುಂಬಲು ಕೂತೆ. ಟೈರಿನ ಪಕ್ಕದಲ್ಲಿ ಗಾಳಿಯ ಒತ್ತಡದ ಅಳತೆ ‘ಮ್ಯಾಕ್ಸ್ 50 ಪಿಎಸ್‌ಐ’ ಅಂತ ಅಚ್ಚಾಗಿತ್ತು. ಅದಕ್ಕಿಂತ ಜಾಸ್ತಿ ತುಂಬಬೇಡಿ ಅಂತ ಅದರ ಅರ್ಥ. ನಾನು ಅಷ್ಟು ತುಂಬಲೇಬೇಕು ಅಂತ ಓದಿಕೊಂಡೆ. ಕಾಡಲ್ಲಿ ಪಂಕ್ಚರ್ ಆದರೆ ಯಾರು ಗತಿ, ಅಲ್ವಾ? ಹೆಬ್ಬೆರಳಿಂದ ಒತ್ತಿ ನೋಡಿದೆ, ಕಲ್ಲು. ಖುಷಿಯಾಗಿ ಮಲಗಿದೆ.

ಬೆಳಗ್ಗೆ ಸೈಕಲ್ ಚೆಂಡಿನ ಹಾಗೆ ಪುಟಿಯುತ್ತಿತ್ತು. ಶಾಕ್ ಸರಿಯಿಲ್ಲ ಅಂತ ಬೈದುಕೊಂಡೆ. ಮುಂದೆ ನೆರಳಿನ ಇಳಿಜಾರು, ದಾರಿಗೆ ಓರೆಯಾಗಿ ಒದ್ದೆ ಬೇರುಗಳು. ಮೂವರೂ ಸಲೀಸಾಗಿ ದಾಟಿ ತಿರುವಿನಲ್ಲಿ ಮರೆಯಾದರು. ನನ್ನ ಮುಂದಿನ ಚಕ್ರ ಬೇರು ಮುಟ್ಟಿದ್ದಷ್ಟೇ, ಸೋಪಿನ ಮೇಲೆ ಕಾಲಿಟ್ಟ ಹಾಗೆ ಪಕ್ಕಕ್ಕೆ ಜಾರಿತು. ಗಾಬರಿಗೆ ಬ್ರೇಕ್ ಬೇರೆ ಹಿಡಿದಿದ್ದೆ. ಕೈ ಊರಿ ಬಿದ್ದೆ. ಕಾಲರ್‌ಬೋನ್ ಮುರಿಯಿತು.

ಆಮೇಲೆ ನನ್ನ ಸೈಕಲ್ ತರಲು ಬಂದ ಗೆಳೆಯ ಟೈರ್ ಒತ್ತಿ ನೋಡಿ ನಕ್ಕೇ ಬಿಟ್ಟ. ವಾಲ್ವ್ ತುದಿ ಒತ್ತಿದ. ಸುಯ್ ಅಂತ ಗಾಳಿ ಹೋಗುತ್ತಲೇ ಇತ್ತು, ಹೋಗುತ್ತಲೇ ಇತ್ತು.

ವಿಷಯ ಏನಂದರೆ, ಕಾಡಿನ ಟೈರ್ ಸ್ವಲ್ಪ ಬಗ್ಗಿ ಬೇರನ್ನೋ ಕಲ್ಲನ್ನೋ ತಬ್ಬಿಕೊಳ್ಳಬೇಕು. ಗಾಳಿ ಜಾಸ್ತಿ ಆದಷ್ಟೂ ನೆಲ ಮುಟ್ಟುವ ಜಾಗ ಕಡಿಮೆ, ಹಿಡಿತವೂ ಕಡಿಮೆ. ಹಾಗಂತ ತೀರಾ ಬಿಟ್ಟರೂ ಕಷ್ಟ. ಕಲ್ಲಿಗೂ ರಿಮ್‌ಗೂ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ. ನಾನು 70 ಕೆಜಿ, ಟೈರ್ 2.4 ಇಂಚು, ಟ್ಯೂಬ್‌ಲೆಸ್. ಈಗ ಮುಂದೆ 22, ಹಿಂದೆ 25 ಪಿಎಸ್‌ಐ ಇಡುತ್ತೇನೆ. ಟ್ಯೂಬ್ ಇದ್ದರೆ ಮೂರ್ನಾಲ್ಕು ಜಾಸ್ತಿ ಬೇಕು, ತೂಕ ಹೆಚ್ಚಿದ್ದವರಿಗೆ ಇನ್ನೂ ಸ್ವಲ್ಪ. ಬೆರಳನ್ನು ನಂಬಬೇಡಿ, ಗೇಜ್ ಹಿಡಿದು ನೋಡಿ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಸಾಲ ಬೇಡ. ಕೈ ಆರು ವಾರ ಜೋಲಿಯಲ್ಲಿ ನೇತಾಡುತ್ತಿದ್ದಾಗಲೂ ನಾನು ಕಂತು ಕಟ್ಟಿದ್ದೇನೆ. ಬಾಡಿಗೆ ಹಾರ್ಡ್‌ಟೇಲೇ ತಗೊಳ್ಳಿ, ಬ್ರೇಕ್ ಪ್ಯಾಡ್ ಸವೆದಿದೆಯಾ ನೋಡಿಕೊಳ್ಳಿ. ಇಳಿಜಾರು ಬಂದಾಗ ಸೀಟು ತಗ್ಗಿಸಿ, ಪೆಡಲ್ ಎರಡೂ ಸಮ ಇರಲಿ, ಮೊಣಕೈ ಮೊಣಕಾಲು ಸಡಿಲ ಇರಲಿ. ಬ್ರೇಕ್ ಹಿಡಿಯುವುದೆಲ್ಲ ಬೇರಿಗಿಂತ ಮುಂಚೆಯೇ ಮುಗಿಯಬೇಕು. ಬೇರಿನ ಮೇಲೆ ಬ್ರೇಕ್ ಬಿಟ್ಟು, ಆದಷ್ಟು ನೇರವಾಗಿ ದಾಟಿ.

ಇನ್ನೊಂದು. ಸಾಲಿನ ಕೊನೆಯಲ್ಲಿ ಯಾರಿರಬೇಕು ಅಂತ ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ, ಅನುಭವ ಇರುವವರೇ ಇರಲಿ. ಅವತ್ತು ಕೊನೆಯಲ್ಲಿ ಇದ್ದವನು ನಾನು. ನಾನು ಬರುತ್ತಿಲ್ಲ ಅಂತ ಅವರಿಗೆ ಗೊತ್ತಾಗಿ ವಾಪಸ್ ಹತ್ತಿ ಬರುವಷ್ಟರಲ್ಲಿ 20 ನಿಮಿಷ ಆಗಿತ್ತು.