ಓದುಗರ ಪ್ರಶ್ನೆ: ಧೂಳು ಒರೆಸದೆ ಕೂತವಳ ಕಥೆ

ಪ್ರಶ್ನೆ: ವರ್ಜೀನಿಯಾ ವುಲ್ಫ್ ಅವರ ‘ದ ಮಾರ್ಕ್ ಆನ್ ದ ವಾಲ್’ ಎರಡು ಸಲ ಓದಿದೆ. ಒಬ್ಬಳು ಕುರ್ಚಿಯಲ್ಲಿ ಕೂತು ಗೋಡೆ ಮೇಲಿನ ಕಲೆ ನೋಡುತ್ತಾ ಏನೇನೋ ಯೋಚಿಸುತ್ತಾಳೆ. ಕೊನೆಗೆ ಅದು ಬಸವನಹುಳು ಅಂತ ಗೊತ್ತಾಗುತ್ತದೆ, ಅಷ್ಟೇ. ಇದರಲ್ಲಿ ಕಥೆ ಎಲ್ಲಿದೆ, ಸ್ತ್ರೀವಾದ ಎಲ್ಲಿದೆ?

ಉತ್ತರ: ಅವಳು ಎದ್ದು ಹೋಗಿ ನೋಡುವುದೇ ಇಲ್ಲ ಅಲ್ವಾ, ಕಥೆ ಅಲ್ಲೇ ಇದೆ. ನಾಲ್ಕು ಹೆಜ್ಜೆ ಇಟ್ಟು ನೋಡಿಬಿಟ್ಟರೆ ಯೋಚನೆಯೂ ಅಲ್ಲಿಗೆ ಮುಗಿಯುತ್ತದೆ. ಅದು ಅವಳಿಗೆ ಬೇಡ.

ಒಂದು ಜಾಗವನ್ನು ಮಾತ್ರ ನಿಧಾನವಾಗಿ ಮತ್ತೆ ಓದಿ. ಬೇಸಿಗೆಯಿಂದ ಉಳಿದ ಗುಲಾಬಿ ಎಸಳೇನಾದರೂ ಅಂಟಿಕೊಂಡಿದೆಯಾ ಅಂದುಕೊಳ್ಳುತ್ತಾಳೆ. ತಾನು ಮನೆ ನೋಡಿಕೊಳ್ಳುವುದರಲ್ಲಿ ಅಷ್ಟೇನೂ ಚುರುಕಲ್ಲ ಅಂತ ಒಪ್ಪಿಕೊಳ್ಳುತ್ತಾಳೆ. ಆಗ ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ ಕೂತ ಧೂಳು ಕಣ್ಣಿಗೆ ಬೀಳುತ್ತದೆ. ಬಟ್ಟೆ ತಗೊಂಡು ಒರೆಸುತ್ತಾಳಾ? ಇಲ್ಲ. ಟ್ರಾಯ್ ನಗರವನ್ನು ಮೂರು ಸಲ ಹೂತು ಹಾಕಿದ ಧೂಳು ಇದು ಅಂತ ಮನಸ್ಸು ಅಲ್ಲಿಗೆ ಹಾರುತ್ತದೆ. ಧೂಳು ಕಂಡ ಹೆಂಗಸು ಅದನ್ನು ಒರೆಸದೆ ಅದರ ಬಗ್ಗೆ ಯೋಚಿಸುತ್ತಾ ಕೂರುವುದು, ಅದೂ 1917ರಲ್ಲಿ, ನನಗಂತೂ ಎಷ್ಟೋ ಭಾಷಣಗಳಿಗಿಂತ ದೊಡ್ಡ ಮಾತಾಗಿ ಕಾಣುತ್ತದೆ.

ಸ್ತ್ರೀವಾದವನ್ನು ವುಲ್ಫ್ ನೇರವಾಗಿಯೂ ಹೇಳಿದ್ದಾರೆ. ಹಿಂದೆ ಮೇಜಿನ ಮೇಲೆ ಹಾಸುವ ಬಟ್ಟೆಗೂ ಒಂದು ನಿಯಮ ಇತ್ತು, ಹಾಗಿಲ್ಲದಿದ್ದರೆ ಅದು ನಿಜವಾದ ಬಟ್ಟೆಯೇ ಅಲ್ಲ ಅಂತಿದ್ದರು ಎಂದು ನೆನೆಯುತ್ತಾಳೆ. ಈಗ ಆ ನಿಯಮಗಳ ಜಾಗದಲ್ಲಿ ಏನಿದೆ? ಗಂಡಸರ ದೃಷ್ಟಿ ಇದೆ, ಯಾರ ನಂತರ ಯಾರು ಅಂತ ದೊಡ್ಡವರನ್ನು ಸಾಲಾಗಿ ನಿಲ್ಲಿಸುವ, ವಿಟೇಕರ್ ಎಂಬ ಬ್ರಿಟಿಷ್ ವಾರ್ಷಿಕ ಮಾಹಿತಿ ಪುಸ್ತಕದ ಪಟ್ಟಿ ಇದೆ ಎನ್ನುತ್ತಾಳೆ. ಒಂದಾದ ಮೇಲೊಂದು ಘಟನೆ ಜೋಡಿಸಿಕೊಂಡು ಹೋಗುವ ಕಥೆಯೂ ಒಂದು ಥರ ಇಂಥದ್ದೇ ಪಟ್ಟಿ, ಅಲ್ವಾ? ಅದಕ್ಕೇ ಈ ಕಥೆ ಸಾಲಿನಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ವಿಷಯ. ಇದನ್ನು ಅಚ್ಚು ಹಾಕಿದ್ದು ವುಲ್ಫ್ ದಂಪತಿಯೇ. ಲಂಡನ್ ಪಕ್ಕದ ರಿಚ್‌ಮಂಡ್‌ನ ಮನೆಯಲ್ಲಿ ಒಂದು ಕೈ ಅಚ್ಚುಯಂತ್ರ ಇಟ್ಟುಕೊಂಡು, ಗಂಡ ಲೆನರ್ಡ್ ಬರೆದ ಒಂದು ಕಥೆಯನ್ನೂ ಸೇರಿಸಿ, ಸುಮಾರು 150 ಪ್ರತಿ ತೆಗೆದರು. ‘ಕಥೆ ಎಲ್ಲಮ್ಮಾ?’ ಅಂತ ಕೇಳುವ ಸಂಪಾದಕ ನಡುವೆ ಇರಲಿಲ್ಲ. ಇಂಥ ಬರಹಕ್ಕೆ ಆ ಸ್ವಾತಂತ್ರ್ಯ ಎಷ್ಟು ಮುಖ್ಯ ನೋಡಿ.

ಪ್ರಶ್ನೆ: ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ ಅವರ ‘ಬ್ಲಿಸ್’ನಲ್ಲಿ ಬರ್ತಾ ತನ್ನ ಗಂಡ ಬೇರೆಯವಳ ಜೊತೆ ಇರುವುದನ್ನು ಕಣ್ಣಾರೆ ನೋಡಿಯೂ ಏನೂ ಮಾಡುವುದಿಲ್ಲ. ಇದು ಸೋಲಲ್ಲವೇ?

ಉತ್ತರ: ನನಗೆ ಹಾಗನ್ನಿಸುವುದಿಲ್ಲ. ಶುರುವಿಗೆ ಹೋಗಿ. ಮೂವತ್ತು ವರ್ಷದ ಬರ್ತಾಗೆ ರಸ್ತೆಯಲ್ಲೇ ಕುಣಿಯಬೇಕು ಅನ್ನಿಸುವಷ್ಟು ಖುಷಿ. ಅಪರೂಪದ ಪಿಟೀಲನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಹಾಗೆ ಮುಚ್ಚಿಡುವುದಾದರೆ ಈ ದೇಹ ಯಾಕಾದರೂ ಕೊಟ್ಟರೋ ಅಂದುಕೊಳ್ಳುತ್ತಾಳೆ. ಮರುಕ್ಷಣವೇ, ಅಲ್ಲ, ನಾನು ಹೇಳಬೇಕೆಂದದ್ದು ಅದಲ್ಲ ಎನ್ನುತ್ತಾಳೆ. ತನ್ನ ಮಗುವಿಗೆ ದಾದಿ ಊಟ ಮಾಡಿಸುವಾಗ, ಶ್ರೀಮಂತರ ಹುಡುಗಿಯ ಗೊಂಬೆ ನೋಡುವ ಬಡ ಹುಡುಗಿಯ ಥರ ಪಕ್ಕದಲ್ಲಿ ನಿಂತಿರುತ್ತಾಳೆ. ಆ ಸಾಲು ಓದಿದಾಗ ನನಗೆ ಹೊಟ್ಟೆ ಹಿಂಡಿದ ಹಾಗಾಯಿತು. ಗಂಡ, ಮಗು, ಮನೆ ಎಲ್ಲ ಇದ್ದೂ ಯಾವುದನ್ನೂ ಅವಳು ತನ್ನದು ಅಂತ ಮುಟ್ಟುವ ಹಾಗಿಲ್ಲ.

ನಿರೂಪಣೆ ಅವಳ ತಲೆಯೊಳಗಿಂದ ಆಚೆ ಬರುವುದಿಲ್ಲ. ಅವಳಿಗೆ ಸಿಗದ ಮಾತನ್ನು ಕಥೆಗಾರ್ತಿ ತಾವಾಗಿ ಎರವಲು ಕೊಡುವುದೂ ಇಲ್ಲ. ಹಾಗಾಗಿ ಕೊನೆಯಲ್ಲಿ ಅವಳು ಅಳಲಿಲ್ಲ, ಕ್ಷಮಿಸಲೂ ಇಲ್ಲ, ಮುಂದೇನಾಗುತ್ತೋ ಅಂತ ಕಿಟಕಿಗೆ ಓಡುತ್ತಾಳೆ. ಹೊರಗೆ ಹೂಬಿಟ್ಟ ಪೇರ್ ಮರ ಮೊದಲಿನಷ್ಟೇ ಚೆಂದವಾಗಿ ನಿಂತಿರುತ್ತದೆ. ಅತ್ತು ಕ್ಷಮಿಸುವ ಹೆಂಡತಿಯರ ಕಥೆಗಳು ಆಗಲೇ ಜಾಸ್ತಿ ಇದ್ದವು. 1918ರಲ್ಲಿ ಮ್ಯಾನ್ಸ್‌ಫೀಲ್ಡ್ ಇನ್ನೊಂದನ್ನು ಸೇರಿಸಲಿಲ್ಲ.

ಪ್ರಶ್ನೆ: ಈ ಥರದ ಕಥೆಗಳನ್ನು ಹೊಸದಾಗಿ ಓದುವವರು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಸ್ವಲ್ಪ ಹಿಂದಕ್ಕೆ ಹೋಗಿ, ಅಮೆರಿಕದ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ ‘ದ ಯೆಲ್ಲೋ ವಾಲ್‌ಪೇಪರ್’ ಹಿಡಿಯಿರಿ. ಗಂಡನೇ ಡಾಕ್ಟರು. ಹೆಂಡತಿಗೆ ವಿಶ್ರಾಂತಿ ಬೇಕು, ಬರೆಯಕೂಡದು ಅಂತ ಅವನ ಅಪ್ಪಣೆ. ಅವಳು ಕದ್ದು ಬರೆಯುತ್ತಾಳೆ, ನಾವು ಓದುವುದು ಆ ಬರಹವನ್ನೇ. ಗಿಲ್ಮನ್ ಸ್ವತಃ ಅಂಥ ಚಿಕಿತ್ಸೆ ಅನುಭವಿಸಿದವರು. ಗೋಡೆ ಕಾಗದದ ಬಣ್ಣದ ಅರ್ಥ ಏನು ಅಂತ ಮೊದಲ ಓದಿಗೇ ತಲೆ ಕೆಡಿಸಿಕೊಳ್ಳಬೇಡಿ. ಪೆನ್ಸಿಲ್ ಹಿಡಿದು, ಗಂಡ ಬಂದ ಅಂತ ಅವಳು ಬರೆಯುವುದನ್ನು ಎಲ್ಲೆಲ್ಲಿ ನಿಲ್ಲಿಸುತ್ತಾಳೆ ಅಂತ ಮಾತ್ರ ಗುರುತು ಹಾಕುತ್ತಾ ಹೋಗಿ.