ಮನೆ ಪ್ರಶ್ನೋತ್ತರ: ಶಾಂಡ್ಲಿಯರ್, ತೂಗುದೀಪ, ಅವನ್ನ ಹಿಡಿದು ನಿಲ್ಲಿಸೋ ಕೊಕ್ಕೆ

ಹಾಲ್‌ಗೆ ಎಂಥ ಲೈಟ್ ಚೆನ್ನಾಗಿರುತ್ತೆ ಅಂತ ಹೋದ ಸಲ ಬರೆದಿದ್ದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ, ಸರಪಳಿಗೆ ತೂಗುಹಾಕೋ ಲೈಟು. ಯಾರೂ ಚೆಂದ ಕೇಳಿಲ್ಲ, ಎಲ್ರೂ ಕೇಳಿರೋದು ತಲೆ ಮೇಲೆ ಬೀಳಲ್ಲ ತಾನೆ ಅಂತ. ಈ ಸಲ ಪೂರ್ತಿ ಅದಕ್ಕೇ ಇಟ್ಟಿದೀನಿ.

ಪ್ರಶ್ನೆ: ಅಪಾರ್ಟ್‌ಮೆಂಟ್ ಹಾಲ್‌ಗೆ ಜಿಪ್ಸಂ ಫಾಲ್ಸ್ ಸೀಲಿಂಗ್ ಮಾಡಿಸಿದೀವಿ. 9 ಕೆಜಿ ಶಾಂಡ್ಲಿಯರ್ ತಂದಿಟ್ಟಿದೀವಿ. ಸೀಲಿಂಗ್ ಕೆಲಸದವರು ಮೇಲೊಂದು ಪ್ಲೈವುಡ್ ತುಂಡು ಇಟ್ಟಿದೀವಿ, ಅದಕ್ಕೆ ಸ್ಕ್ರೂ ಹೊಡೀರಿ ಏನೂ ಆಗಲ್ಲ ಅಂತಾರೆ. ನಂಬಬಹುದಾ? (ಓದುಗರು, ಬೆಂಗಳೂರು)

ದಯವಿಟ್ಟು ಹಾಕಬೇಡಿ. ನಮ್ಮ ಅಕ್ಕನ ಮನೇಲಿ ಹೀಗೇ ಪ್ಲೈವುಡ್‌ಗೆ ಹಾಕಿದ್ದ ಲೈಟು ಎಂಟು ತಿಂಗಳು ಚೆನ್ನಾಗೇ ಇತ್ತು, ಒಂದಿನ ರಾತ್ರಿ ಎರಡೂವರೆಗೆ ಜಿಪ್ಸಂ ಸಮೇತ ಕೆಳಗೆ ಬಂತು, ಅದೇ ಜಾಗದಲ್ಲಿ ಸಂಜೆ ಮಕ್ಕಳು ಕೂತು ಹೋಮ್‌ವರ್ಕ್ ಮಾಡಿ ಎದ್ದು ಹೋಗಿದ್ರು. ಆವತ್ತಿಂದ ಯಾರ ಮನೆಗೆ ಹೋದ್ರೂ ನಾನು ಮೊದಲು ತಲೆ ಎತ್ತಿ ನೋಡೋದು ಇದನ್ನೇ.

ಭಾರ ಯಾವ ದಾರೀಲಿ ಮೇಲಕ್ಕೆ ಹೋಗುತ್ತೆ ಅಂತ ಒಂದ್ಸಲ ಬೆರಳಿಟ್ಟು ನೋಡ್ಕೊಂಡು ಹೋಗಿ. ಲೈಟಿನ ತಲೆ ಮೇಲಿರೋ ಬಳೆ, ಆಮೇಲೆ ಸರಪಳಿ, ಅದರ ಕೊನೇ ಕೊಂಡಿ, ಆಮೇಲೆ ಕೊಕ್ಕೆ, ಆಮೇಲೆ ಕೊಕ್ಕೆ ಯಾವುದಕ್ಕೆ ಕಚ್ಕೊಂಡಿದೆಯೋ ಅದು. ನಿಮ್ಮ ಮನೇಲಿ ಪ್ಲೈವುಡ್ ಆದ್ಮೇಲೆ ಏನಿದೆ? ತೆಳ್ಳಗಿನ ಜಿಐ (ಸತು ಲೇಪಿಸಿದ ಕಬ್ಬಿಣ) ಚಾನೆಲ್, ಅದನ್ನ ಸ್ಲ್ಯಾಬ್‌ಗೆ ಹಿಡಿದಿರೋ ಜಿಐ ಪಟ್ಟಿ, ಪಟ್ಟಿ ತುದೀಲಿ ಚಿಕ್ಕ ಸ್ಕ್ರೂಗಳು. ಅದು ಜಿಪ್ಸಂ ಬೋರ್ಡ್ ಹೊರೋಕೆ ಮಾಡಿದ್ದು, ಒಂದೇ ಕಡೆ 9 ಕೆಜಿ ಜೋತು ಬೀಳೋದಕ್ಕಲ್ಲ. ಶಾಂಡ್ಲಿಯರ್ ಭಾರ ಯಾವತ್ತೂ ಸೀದಾ ಕಾಂಕ್ರೀಟ್ ಸ್ಲ್ಯಾಬ್‌ಗೇ ಹೋಗಬೇಕು, ಫಾಲ್ಸ್ ಸೀಲಿಂಗ್‌ನಲ್ಲಿ ಸರಪಳಿ ಹಾದು ಹೋಗೋಕೆ ಒಂದು ತೂತು ಇದ್ರೆ ಸಾಕು.

ಹಾಲ್ ಮಧ್ಯೆ ಸ್ಲ್ಯಾಬ್ ಹಾಕುವಾಗಲೇ ಬಿಟ್ಟಿರೋ ಫ್ಯಾನ್ ಹುಕ್ ಇದ್ರೆ ನಿಮ್ಮ ಅರ್ಧ ಕೆಲಸ ಮುಗೀತು, ಯಾಕಂದ್ರೆ ಅದು ಕಬ್ಬಿಣದ ಸರಳು, ಒಳಗಡೆ ಸ್ಲ್ಯಾಬಿನ ಕಂಬಿಗೇ ಸಿಕ್ಕಿಸಿ ಕಟ್ಟಿ ಆಮೇಲೆ ಕಾಂಕ್ರೀಟ್ ಹಾಕಿರ್ತಾರೆ. ಟಾರ್ಚ್ ಹಿಡಿದು ತುಕ್ಕು ಎಷ್ಟು ತಿಂದಿದೆ ನೋಡಿ, ಮೇಲ್ಮೈ ಕೆಂಪಾಗಿದ್ರೆ ಪರವಾಗಿಲ್ಲ, ಪದರ ಪದರವಾಗಿ ಎದ್ದು ಬರ್ತಿದ್ರೆ ಅದನ್ನ ಮರೆತುಬಿಡಿ.

ಹುಕ್ ಇಲ್ಲ ಅಂದ್ರೆ ಆಂಕರ್ ಫಾಸ್ಟ್ನರ್. ಪ್ಲಾಸ್ಟಿಕ್ ರಾಲ್‌ಪ್ಲಗ್ ಬೇಡವೇ ಬೇಡ, ಗೋಡೆಗೆ ಫೋಟೋ ಹಾಕೋಕೆ ಸರಿ, ತಲೆ ಮೇಲೆ ನೇರ ಕೆಳಕ್ಕೆ ಎಳೆಯೋ ಭಾರಕ್ಕಲ್ಲ. ಒಳಗೆ ಹೊಡೆದು ಕೂರಿಸೋ ಬುಲೆಟ್ ಟೈಪ್ ಆದ್ರೆ ಎಂ8ಗೆ (ಅಂದ್ರೆ 8 ಎಂಎಂ ಬೋಲ್ಟಿಗೆ) 10 ಎಂಎಂ ತೂತು, ಎಂ10ಗೆ 12 ಎಂಎಂ ತೂತು, ತೂತಿನ ಅಳತೆ ಒಂಚೂರು ದೊಡ್ಡದಾದ್ರೂ ಅದು ಒಳಗೆ ಅರಳಿ ಕಚ್ಕೊಳ್ಳಲ್ಲ. ತೂತು ಕೊರೆದ್ಮೇಲೆ ಒಳಗಿನ ಪುಡಿ ಊದಿ ತೆಗೀಬೇಕು, ನಮ್ಮ ಕಡೆ ಕೆಲಸದವರು ಹತ್ತರಲ್ಲಿ ಒಂಬತ್ತು ಸಲ ಇದನ್ನ ಮಾಡಲ್ಲ, ಪುಡಿ ಇದ್ರೆ ಫಾಸ್ಟ್ನರ್ ಕಾಂಕ್ರೀಟನ್ನ ಹಿಡಿಯೋ ಬದಲು ಪುಡೀನೇ ಹಿಡ್ಕೊಂಡಿರುತ್ತೆ. ಒಂದೇ ಹುಕ್‌ಗಿಂತ ಎರಡು ಇಲ್ಲಾ ನಾಲ್ಕು ಬೋಲ್ಟಿನ ಒಂದು ದಪ್ಪ ಪ್ಲೇಟ್ ಹಾಕಿ ಮಧ್ಯೆ ಐ ಬೋಲ್ಟ್ (ತಲೆ ಬಳೆ ಥರ ಇರೋ ಬೋಲ್ಟ್) ಇದ್ರೆ ನನಗೆ ಹೆಚ್ಚು ಸಮಾಧಾನ, ಒಂದು ಕೈಕೊಟ್ರೆ ಇನ್ನೊಂದು ಇರುತ್ತೆ.

ಡ್ರಿಲ್ ಇಡೋ ಮುಂಚೆ ಬಿಲ್ಡರ್ ಹತ್ರ ಒಂದು ಮಾತು ಕೇಳಿ, ಸ್ಲ್ಯಾಬ್ ಪೋಸ್ಟ್ ಟೆನ್ಷನ್ನಾ ಮಾಮೂಲಿನಾ ಅಂತ. ಈಗಿನ ಎಷ್ಟೋ ದೊಡ್ಡ ಕಟ್ಟಡಗಳಲ್ಲಿ ಸ್ಲ್ಯಾಬ್ ಒಳಗೆ ಬಿಗಿದು ಎಳೆದಿಟ್ಟ ಉಕ್ಕಿನ ಕೇಬಲ್ ಇರುತ್ತೆ, ಡ್ರಿಲ್ ಬಿಟ್ಟು ಅದಕ್ಕೆ ಪೆಟ್ಟು ಬಿದ್ರೆ ಅದು ನಿಮ್ಮ ಲೈಟಿನ ವಿಷಯ ಆಗಿ ಉಳಿಯಲ್ಲ, ಕಟ್ಟಡದ ವಿಷಯ ಆಗುತ್ತೆ. ವೈರಿನ ಪೈಪೂ ಸ್ಲ್ಯಾಬ್ ಒಳಗೇ ಓಡಿರುತ್ತೆ, ಅದಕ್ಕೇ ಜಂಕ್ಷನ್ ಬಾಕ್ಸ್ ಪಕ್ಕದಲ್ಲೇ ಕೊರೆಯೋ ಮುಂಚೆ ಪೈಪ್ ಯಾವ ಕಡೆಗೆ ಹೋಗಿದೆ ನೋಡ್ಕೊಳ್ಳಿ.

ಎಲ್ಲ ಆದ್ಮೇಲೆ ಟೆಸ್ಟ್. ಗ್ವಾಲಿಯರ್‌ನ ಜೈವಿಲಾಸ ಅರಮನೆ ದರ್ಬಾರ್ ಹಾಲ್‌ನಲ್ಲಿ ತಲಾ ಮೂರೂವರೆ ಟನ್ ತೂಗುತ್ತೆ ಅನ್ನೋ ಎರಡು ಶಾಂಡ್ಲಿಯರ್ ಇವೆ, ಅವನ್ನ ತೂಗುಹಾಕೋ ಮುಂಚೆ ಛಾವಣಿ ಮೇಲೆ ಆನೆಗಳನ್ನ ಹತ್ತಿಸಿ ನೋಡಿದ್ರು ಅಂತ ಅಲ್ಲಿ ಕಥೆ ಹೇಳ್ತಾರೆ. ನಮಗೆ ಆನೆ ಬೇಡ, 20 ಲೀಟರ್ ನೀರಿನ ಕ್ಯಾನ್ ಎರಡು ಸಾಕು, ಹಗ್ಗ ಕಟ್ಟಿ ಅದೇ ಹುಕ್‌ಗೆ ನೇತುಹಾಕಿ, ನೆಲದಿಂದ ನಾಲ್ಕು ಬೆರಳು ಮೇಲೆ ಇರಲಿ, ಕೆಳಗೆ ಹಳೇ ಹಾಸಿಗೆ ಹಾಕಿ, ಯಾರೂ ಹತ್ರ ಹೋಗದೆ ಒಂದು ರಾತ್ರಿ ಬಿಡಿ. 40 ಕೆಜಿ ಅಂದ್ರೆ ನಿಮ್ಮ ಲೈಟಿನ ನಾಲ್ಕು ಪಟ್ಟಿಗೂ ಜಾಸ್ತಿ. ಬೆಳಗ್ಗೆ ಹುಕ್ ಸುತ್ತ ಬಿರುಕು ಇಲ್ಲ, ಕೂದಲೆಳೆಯಷ್ಟೂ ಕೆಳಗೆ ಇಳಿದಿಲ್ಲ ಅಂದ್ರೆ ಧೈರ್ಯವಾಗಿ ಹಾಕಿ.

ಪ್ರಶ್ನೆ: ಲೈಟ್ ಜೊತೆ ಬಂದ ಸರಪಳಿ ತುಂಬಾ ಉದ್ದ. ಕೊಂಡಿ ಬಿಚ್ಚಿ ಗಿಡ್ಡ ಮಾಡಬಹುದಾ? ವೈರನ್ನ ಏನು ಮಾಡೋದು? (ಓದುಗರು, ದಾವಣಗೆರೆ)

ಮಾಡಬಹುದು, ಆದ್ರೆ ಕೊಂಡಿ ಬಿಚ್ಚೋದಕ್ಕೂ ಒಂದು ರೀತಿ ಇದೆ. ಎರಡು ಇಕ್ಕಳದಲ್ಲಿ ಹಿಡಿದು ಬಾಯಿ ಅಗಲಿಸಬೇಡಿ, ಒಂದು ತುದೀನ ನಿಮ್ಮ ಕಡೆಗೆ ಇನ್ನೊಂದನ್ನ ಆ ಕಡೆಗೆ ಪಕ್ಕಕ್ಕೆ ತಿರುಚಿ, ಮುಚ್ಚುವಾಗಲೂ ಹಾಗೇ ವಾಪಸ್ ತಿರುಚಿ. ಆಗ ಕೊಂಡಿ ಆಕಾರ ಹಾಳಾಗಲ್ಲ, ಬಾಯಿ ಸರಿಯಾಗಿ ಕೂಡುತ್ತೆ. ಉಗುರು ಹೋಗೋ ಅಷ್ಟು ಸಂದು ಉಳಿದಿದ್ರೂ ಆ ಕೊಂಡಿ ಎಸೆದು ಬೇರೆ ಹಾಕಿ.

ಇಲ್ಲೇ ಇನ್ನೊಂದು ಮಾತು ಹೇಳಬೇಕು. ಅಂಗಡೀಲಿ ಸಿಗೋ ಅಲಂಕಾರದ ಸರಪಳಿ ಬಹುಪಾಲು ವೆಲ್ಡ್ ಆಗಿರಲ್ಲ, ಕಂಬಿ ಬಗ್ಗಿಸಿ ತುದಿಗೆ ತುದಿ ತಾಗಿಸಿರ್ತಾರೆ ಅಷ್ಟೇ. ಅದೇ ದಪ್ಪದ ವೆಲ್ಡ್ ಆದ ಸರಪಳಿಗಿಂತ ಇದು ತುಂಬಾ ಕಮ್ಮಿ ಭಾರಕ್ಕೇ ಬಾಯಿ ಬಿಡುತ್ತೆ. ಮೂರ್ನಾಲ್ಕು ಕೆಜಿ ಲೈಟಿಗೆ ಸಾಕು, ಗಾಜಿನ ಹರಳು ತುಂಬಿರೋ ಭಾರದ್ದಕ್ಕೆ ವೆಲ್ಡ್ ಆಗಿರೋದನ್ನೇ ಕೇಳಿ, ಅದನ್ನ ಬಿಚ್ಚೋಕಾಗಲ್ಲ ಕತ್ತರಿಸಬೇಕು, ಜೋಡಿಸೋ ಜಾಗಕ್ಕೆ ನಟ್ ತಿರುಗಿಸಿ ಮುಚ್ಚೋ ಕ್ವಿಕ್ ಲಿಂಕ್ ಅಥವಾ ಡಿ ಶ್ಯಾಕಲ್ (ಬಾಯಿಗೆ ಅಡ್ಡ ಪಿನ್ ಹಾಕಿ ಮುಚ್ಚೋ ಡಿ ಆಕಾರದ ಕೊಂಡಿ) ಹಾಕಿ. ಎಸ್ ಆಕಾರದ ಹುಕ್ ಮಾತ್ರ ಬೇಡ, ಸ್ಟೂಲ್ ಹತ್ತಿ ಧೂಳು ಒರೆಸುವಾಗ ಲೈಟನ್ನ ಸ್ವಲ್ಪ ಮೇಲಕ್ಕೆ ಎತ್ತಿದ್ರೆ ಸಾಕು ಸರಪಳಿ ಅದರಿಂದ ಜಾರಿ ಬರುತ್ತೆ. ಹಿತ್ತಾಳೆ ಅಂತ ಕೊಟ್ಟಿದ್ದು ನಿಜವಾಗ್ಲೂ ಹಿತ್ತಾಳೆನಾ ಅಂತ ನೋಡೋಕೆ ಫ್ರಿಜ್ ಮೇಲಿನ ಅಯಸ್ಕಾಂತ ತಗೊಂಡು ಹೋಗಿ, ಅಂಟಿದ್ರೆ ಅದು ಬಣ್ಣ ಕುಡಿಸಿದ ಕಬ್ಬಿಣ. ಅದೇನೂ ಕೆಟ್ಟದ್ದಲ್ಲ, ಗಟ್ಟಿ ವಿಷಯದಲ್ಲಿ ಹಿತ್ತಾಳೆಗಿಂತ ಕಬ್ಬಿಣ ವಾಸಿನೇ, ಆದ್ರೆ ಹಿತ್ತಾಳೆ ರೇಟ್ ಕೊಡಬೇಡಿ.

ವೈರನ್ನ ಮೂರು ನಾಲ್ಕು ಕೊಂಡಿಗೊಂದು ಸಲ ಒಳಗೆ ಹೊರಗೆ ಹೆಣೆದು ಮೇಲಕ್ಕೆ ಒಯ್ಯಿರಿ, ಸರಪಳಿಗಿಂತ ವೈರ್ ಯಾವಾಗ್ಲೂ ಸ್ವಲ್ಪ ಉದ್ದ ಇರಲಿ. ಬಿಗಿಯಾಗಿದ್ರೆ ಭಾರ ವೈರ್ ಮೇಲೆ ಬಿದ್ದು ಮೇಲಿನ ಕನೆಕ್ಟರ್ ಕಿತ್ತು ಬರುತ್ತೆ. ಲೈಟು ಸರಪಳಿ ಎರಡೂ ಲೋಹ ಆದ್ದರಿಂದ ಹಸಿರು ಅರ್ತ್ ವೈರ್ ಕೊಡಲೇಬೇಕು, ಎರಡೇ ವೈರ್ ಸಾಕು ಅನ್ನೋ ಎಲೆಕ್ಟ್ರಿಷಿಯನ್ ಮಾತು ಕೇಳಬೇಡಿ. ಕೆಲಸ ಮಾಡುವಾಗ ಸ್ವಿಚ್ ಆಫ್ ಸಾಲದು, ಮೇನ್ ಬೋರ್ಡಿನ ಎಂಸಿಬಿ ಇಳಿಸಿ.

ಪ್ರಶ್ನೆ: ಹಳೇ ಹೆಂಚಿನ ಮನೆ. ಜಗಲಿ ತೊಲೆಗೆ ಅಜ್ಜನ ಕಾಲದ ತೂಗುಮಂಚದ ಎರಡು ಕಬ್ಬಿಣದ ಬಳೆ ಇವೆ. ತೂಗುಮಂಚ ತೆಗೆದಾಗಿದೆ. ಎರಡು ಬಳೆಗೂ ಸರಪಳಿ ಕಟ್ಟಿ ಮಧ್ಯಕ್ಕೆ ಒಂದು ದೊಡ್ಡ ದೀಪ ಹಾಕೋ ಆಸೆ. (ಓದುಗರು, ಶಿರಸಿ)

ಈ ಪತ್ರ ಓದಿ ತುಂಬಾ ಖುಷಿ ಆಯ್ತು, ಆ ಬಳೆಗಳನ್ನ ಕಿತ್ತು ಗುಜರಿಗೆ ಹಾಕದೆ ಉಳಿಸ್ಕೊಂಡಿದೀರಲ್ಲ ಅಂತ.

ಶಕ್ತಿ ವಿಷಯದಲ್ಲಿ ಆ ಬಳೆಗಳು ದೀಪಕ್ಕಿಂತ ಎಷ್ಟೋ ದೊಡ್ಡ ಭಾರ ಕಂಡಿವೆ. ಉಯ್ಯಾಲೇಲಿ ಕೂತವರ ತೂಕ ಮಾತ್ರ ಅಲ್ಲ, ಜೀಕುವಾಗ ಅದು ಜಾಸ್ತಿ ಆಗುತ್ತೆ, 60 ಡಿಗ್ರಿ ತನಕ ಹೋಗಿ ವಾಪಸ್ ಬಂದ್ರೆ ಕೆಳಗೆ ಹಾಯುವಾಗ ಸರಪಳಿ ಮೇಲೆ ಎರಡು ಪಟ್ಟು ಎಳೆತ ಬೀಳುತ್ತೆ. ನಿಂತಲ್ಲೇ ಇರೋ ದೀಪ ಅದರ ಮುಂದೆ ಏನೂ ಅಲ್ಲ.

ನೋಡ್ಬೇಕಾದ್ದು ಎರಡು ಬಳೆಯಿಂದ ಮಧ್ಯಕ್ಕೆ ಬರೋ ಸರಪಳಿಯ ಕೋನ. ಎರಡೂ ನೇರ ಕೆಳಗೆ ಇಳಿದಿದ್ರೆ ಅರ್ಧರ್ಧ ಭಾರ. ಓರೆ ಆದಷ್ಟೂ ಎಳೆತ ಏರುತ್ತೆ. ಎರಡು ಸರಪಳಿ ಮಧ್ಯೆ 120 ಡಿಗ್ರಿ ಆಯ್ತು ಅಂದ್ರೆ ಒಂದೊಂದು ಸರಪಳೀನೂ ದೀಪದ ಪೂರ್ತಿ ಭಾರ ಹೊರುತ್ತೆ, ಹಂಚಿಕೊಂಡಿದ್ದು ಏನೂ ಉಳಿಯಲ್ಲ. ಇನ್ನೂ ಚಪ್ಪಟೆ ಮಾಡಿದ್ರೆ ದೀಪದ ಭಾರಕ್ಕಿಂತ ಜಾಸ್ತಿ, ಅದೂ ಬಳೇನ ಕೆಳಕ್ಕಲ್ಲ ಪಕ್ಕಕ್ಕೆ ಎಳೆಯುತ್ತೆ. ಬಳೆಗಳು ದೂರ ಇದ್ರೆ ಸರಪಳಿ ಉದ್ದ ಬಿಡಿ, ಮಧ್ಯದ ಕೋನ 60 ಡಿಗ್ರಿ ಒಳಗೆ ಇರೋ ಹಾಗೆ ನೋಡ್ಕೊಳ್ಳಿ, ಅಂದ್ರೆ ಎರಡು ಬಳೆ ನಡುವಿನ ದೂರದಷ್ಟಾದ್ರೂ ಒಂದೊಂದು ಸರಪಳಿ ಉದ್ದ ಇರಬೇಕು.

ಬಳೆ ಕಾಂಡ ತೊಲೆಯನ್ನ ತೂರಿ ಮೇಲ್ಗಡೆ ನಟ್ಟು ವಾಷರ್ ಇದ್ರೆ ಅದಕ್ಕಿಂತ ಒಳ್ಳೇದಿಲ್ಲ. ಬರೀ ಕೆಳಗಿಂದ ಮರಕ್ಕೆ ತಿರುಗಿಸಿದ ಸ್ಕ್ರೂ ಹುಕ್ ಆದ್ರೆ ಮರ ಹೇಗಿದೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ತೊಲೆಗೆ ಬಳೆ ಸುತ್ತ ಸುತ್ತಿಗೆ ಹಿಡೀಲಿ ತಟ್ಟಿ ನೋಡಿ, ಡಬ್ ಡಬ್ ಅಂದ್ರೆ ಗೆದ್ದಲು ಒಳಗೆ ಊಟ ಮುಗಿಸಿದೆ ಅಂತ. ಹೊಸ ಹುಕ್ ಹಾಕೋದಾದ್ರೆ ಮೊದಲು ಸಣ್ಣ ತೂತು ಕೊರೆದು ಆಮೇಲೆ ತಿರುಗಿಸಿ, ಹಲಸು ಸಾಗುವಾನಿ ಅಂಥ ಒಣಗಿದ ಮರಕ್ಕೆ ಹಾಗೇ ಬಲವಂತ ಮಾಡಿದ್ರೆ ಮರ ಸೀಳುತ್ತೆ ಇಲ್ಲಾ ಹುಕ್ ಕತ್ತು ಮುರಿಯುತ್ತೆ.

ಇನ್ನೊಂದು, ದೇವರ ಮುಂದಿನ ಹಿತ್ತಾಳೆ ತೂಗುದೀಪ ಇದ್ರೆ ಅದರ ಸರಪಳೀನೂ ಇವತ್ತೇ ಇಳಿಸಿ ನೋಡಿ. ಕೊಂಡಿ ಕೊಂಡಿಗೆ ತಾಗೋ ಒಳಭಾಗದಲ್ಲಿ ಮೆಲ್ಲಗೆ ಸವೆದಿರುತ್ತೆ, ಹೊರಗಿಂದ ದಪ್ಪ ಕಾಣೋ ಕೊಂಡಿ ಒಳಗೆ ಅರ್ಧ ಆಗಿರುತ್ತೆ, ಎಣ್ಣೆ ಜಿಡ್ಡು ಮುಚ್ಕೊಂಡಿರೋದ್ರಿಂದ ಗೊತ್ತೇ ಆಗಲ್ಲ. ಹುಣಸೆಹಣ್ಣು ಹಾಕಿ ತಿಕ್ಕುವಾಗ ಬೆರಳಲ್ಲಿ ಮುಟ್ಟಿ ನೋಡೋದು ರೂಢಿ ಮಾಡ್ಕೊಳ್ಳಿ, ಉರಿಯೋ ದೀಪ ಬಿದ್ರೆ ಗಾಜು ಒಡೆದಂಗಲ್ಲ ಅದು.

ಪ್ರಶ್ನೆ: ಡೈನಿಂಗ್ ಟೇಬಲ್ ಮೇಲೆ ಎಷ್ಟು ಎತ್ತರದಲ್ಲಿರಬೇಕು? (ಓದುಗರು, ತುಮಕೂರು)

ಟೇಬಲ್ ಮೇಲ್ಮೈಯಿಂದ ಲೈಟಿನ ತಳಕ್ಕೆ 30ರಿಂದ 36 ಇಂಚು. ಕೆಳಗೆ ಜನ ಓಡಾಡೋ ಜಾಗ ಆದ್ರೆ ನೆಲದಿಂದ 7 ಅಡಿಗೆ ಕಮ್ಮಿ ಬೇಡ.

ಪ್ರಶ್ನೆ: ನ್ಯೂಜೆರ್ಸಿಯಿಂದ ಮೈಸೂರಿಗೆ ವಾಪಸ್ ಬರ್ತಿದೀವಿ. ಅಲ್ಲಿನ ಮನೆ ಶಾಂಡ್ಲಿಯರ್ ಪ್ಯಾಕ್ ಮಾಡಿ ತರ್ತಿದೀವಿ. ಇಲ್ಲಿ ಹಾಕೋಕೆ ಏನಾದ್ರೂ ತೊಂದರೆ ಆಗುತ್ತಾ? (ಓದುಗರು, ನ್ಯೂಜೆರ್ಸಿ)

ಆಗುತ್ತೆ, ಆದ್ರೆ ಸರಿಮಾಡಬಹುದು. ಅಲ್ಲಿ ಸೀಲಿಂಗ್ ಬಾಕ್ಸೇ 50 ಪೌಂಡ್, ಅಂದ್ರೆ ಸುಮಾರು 23 ಕೆಜಿ ಲೈಟನ್ನ ಹೊರೋ ಹಾಗಿರಬೇಕು ಅಂತ ಕೋಡ್ ಇದೆ, ಅದಕ್ಕೇ ಅಲ್ಲಿ ಅಡ್ಡಪಟ್ಟೀನ ಬಾಕ್ಸಿಗೆ ಎರಡು ಸ್ಕ್ರೂ ಹಾಕಿ ಲೈಟ್ ತೂಗಿಸ್ತಾರೆ. ನಮ್ಮ ಸ್ಲ್ಯಾಬಿನಲ್ಲಿರೋ ಪಿವಿಸಿ ಜಂಕ್ಷನ್ ಬಾಕ್ಸ್ ವೈರ್ ಜೋಡಿಸೋಕೆ ಮಾತ್ರ, ಅದರ ಕಿವಿಗೆ ಭಾರ ಕೊಡಬೇಡಿ, ಮೇಲೆ ಬೆಂಗಳೂರಿನವರಿಗೆ ಹೇಳಿದ ಹಾಗೆ ಹುಕ್ ಬೇರೇನೇ ಬೇಕು.

ಸರಪಳಿ ಮೇಲಿನ ಬಳೆ ತಿರುಗಿಸೋ ತೂತಿನ ಪೈಪ್ ಇದೆಯಲ್ಲ, ಅದರ ಮರೆ (ತಿರುಪಿನ ಗೆರೆ) ಅಲ್ಲಿ ಇಂಚಿಗೆ 27 ಸುತ್ತು. ಯುರೋಪ್ ಚೀನಾ ಕಡೆ ಲೈಟಿನಲ್ಲಿ ಬರೋದು 10 ಎಂಎಂ ದಪ್ಪಕ್ಕೆ 1 ಎಂಎಂಗೆ ಒಂದು ಸುತ್ತು, ಇಂಚಿಗೆ ಲೆಕ್ಕ ಹಾಕಿದ್ರೆ 25ರ ಹತ್ತಿರ. ನೋಡೋಕೆ ಎರಡೂ ಒಂದೇ ಥರ, ಎರಡು ಸುತ್ತು ಹೋಗಿ ಬಿಗಿ ಆಗುತ್ತೆ, ಕೂತಿತು ಅಂತ ಬಿಟ್ರೆ ಮರೆ ಸವೆದು ಒಂದಿನ ಕಳಚುತ್ತೆ. ಆದ್ದರಿಂದ ಅಡ್ಡಪಟ್ಟಿ, ಪೈಪು, ಬಳೆ, ನಟ್ಟು ಎಲ್ಲವನ್ನೂ ಅಲ್ಲಿಂದಲೇ ಒಂದು ಚೀಲದಲ್ಲಿ ಹಾಕ್ಕೊಂಡು ಬನ್ನಿ, ಇಲ್ಲಿ ಒಂದೇ ಒಂದು ಬಿಡಿಭಾಗ ಕೊಂಡ್ರೂ ಜೊತೆ ಕೂರಲ್ಲ.

ವೈರಿಂಗ್ ಬಗ್ಗೆ ಹುಷಾರು. ಅಲ್ಲಿ ಕಪ್ಪು ಅಂದ್ರೆ ಫೇಸ್ (ಕರೆಂಟ್ ಬರೋ ವೈರ್), ಬಿಳಿ ನ್ಯೂಟ್ರಲ್, ನಮ್ಮ ಮನೆಗಳಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ನಿಮ್ಮ ಎಲೆಕ್ಟ್ರಿಷಿಯನ್ ಕಪ್ಪಿಗೆ ಕಪ್ಪು ಜೋಡಿಸಿಬಿಟ್ರೆ ಲೈಟ್ ಉರಿಯುತ್ತೆ, ಆದ್ರೆ ಫೇಸ್ ಹೋಲ್ಡರಿನ ಹೊರಗಿನ ತಿರುಪು ಭಾಗಕ್ಕೆ ಬಂದು ಕೂರುತ್ತೆ, ಬಲ್ಬ್ ಬದಲಾಯಿಸುವಾಗ ಕೈ ತಾಗೋದು ಅಲ್ಲೇ. ಹಳೇ ಬಲ್ಬ್ ತರಬೇಡಿ, ಅವು 120 ವೋಲ್ಟಿನವು, ನಮ್ಮದು 230. ಹೋಲ್ಡರ್ ವೈರ್ ಎರಡನ್ನೂ ಇಲ್ಲಿನ ವೋಲ್ಟೇಜ್‌ಗೆ ಹೊಸದಾಗಿ ಹಾಕಿಸೋದು ನನ್ನ ಸಲಹೆ, ದೊಡ್ಡ ಖರ್ಚಲ್ಲ. ಡಿಮ್ಮರ್, ಟ್ರಾನ್ಸ್‌ಫಾರ್ಮರ್ ಏನಾದ್ರೂ ಒಳಗಿದ್ರೆ ಅದನ್ನೂ ತೆಗೆಸಿ.

ಪ್ರಶ್ನೆ: ಸಮುದ್ರದ ಹತ್ರ ಮನೆ. ವರಾಂಡದ ಲೈಟಿನ ಸರಪಳಿ ಎರಡು ವರ್ಷಕ್ಕೇ ತುಕ್ಕು. ಸ್ಟೀಲ್ ಹಾಕಿಸಿದ್ರೆ ಸರಿಹೋಗುತ್ತಾ? (ಓದುಗರು, ಕುಂದಾಪುರ)

ಯಾವ ಸ್ಟೀಲ್ ಅನ್ನೋದೇ ಮುಖ್ಯ. ಅಂಗಡೀಲಿ ಸುಮ್ಮನೆ ಸ್ಟೇನ್‌ಲೆಸ್ ಅಂದ್ರೆ ಸಾಮಾನ್ಯವಾಗಿ 304 ಅನ್ನೋ ದರ್ಜೆಯದು ಕೊಡ್ತಾರೆ, ಉಪ್ಪುಗಾಳಿಗೆ ಅದರ ಮೇಲೂ ಕಂದು ಕಲೆ ಏಳುತ್ತೆ. 316 ಅಂತ ಕೇಳಿ, ದೋಣಿ ಸಾಮಾನು ಮಾರೋ ಅಂಗಡಿಗಳಲ್ಲಿ ಆ ಸರಪಳಿ, ಶ್ಯಾಕಲ್ ಎಲ್ಲ ಸಿಗುತ್ತೆ, ರೇಟ್ ಜಾಸ್ತಿ ಆದ್ರೂ ನಿಮ್ಮ ಜಾಗಕ್ಕೆ ಅದೇ ಸರಿ. ಸರಪಳಿ 316 ಹಾಕಿ ಮೇಲಿನ ಹುಕ್ ಮಾತ್ರ ಹಳೇ ಕಬ್ಬಿಣದ್ದೇ ಬಿಟ್ರೆ ಪ್ರಯೋಜನ ಇಲ್ಲ, ಉಪ್ಪಿನ ತೇವದಲ್ಲಿ ಸ್ಟೇನ್‌ಲೆಸ್ ಜೊತೆ ತಾಗಿಕೊಂಡಿರೋ ಕಬ್ಬಿಣ ಇನ್ನೂ ಬೇಗ ತುಕ್ಕು ಹಿಡಿಯುತ್ತೆ. ಮೇಲಿಂದ ಕೆಳಗಿನ ತನಕ ಒಂದೇ ಲೋಹ ಹಾಕಿಸಿ. ಮಳೆಗಾಲ ಶುರು ಆಗೋ ಮುಂಚೆ ಒಂದ್ಸಲ, ಮುಗಿದ ಮೇಲೆ ಒಂದ್ಸಲ ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೇಲಿ ಸರಪಳಿ ಒರೆಸಿ, ಆಗ ಎಂಸಿಬಿ ಇಳಿಸಿರಬೇಕು. ಏಣಿ ಹತ್ತಿದಾಗಲೇ ಸೀಲಿಂಗ್ ಹತ್ರ ಹುಕ್ ಮುಚ್ಚಿರೋ ಕಪ್ ಕೆಳಗೆ ಜಾರಿಸಿ ಒಳಗಿನ ಹುಕ್‌ಗೂ ಟಾರ್ಚ್ ಬಿಟ್ಟು ನೋಡಿ, ತುಕ್ಕು ಮೊದಲು ಕಾಣಿಸ್ಕೊಳ್ಳೋದು ಆ ಮುಚ್ಚಿರೋ ಜಾಗದಲ್ಲೇ.