ಬಿಲ್ ಇಲ್ದಿದ್ರೂ 80ಡಿಡಿ ಸಿಗುತ್ತೆ, ನಕಲಿ ರಸೀದಿ ಮಾಡಿಸ್ಬೇಡಿ

ಪ್ರಶ್ನೆ: ಮಗನಿಗೆ 9 ವರ್ಷ, ಆಟಿಸಂ, ಸರ್ಟಿಫಿಕೇಟಲ್ಲಿ ಶೇ. 60 ಅಂತಿದೆ. ಸ್ಪೀಚ್ ಥೆರಪಿಗೆ ತಿಂಗಳಿಗೆ 12 ಸಾವಿರ ಹೋಗುತ್ತೆ, ಅವ್ರು ಬಿಲ್ ಕೊಡಲ್ಲ. ಬಿಲ್ ಇಲ್ದೆ ಟ್ಯಾಕ್ಸಲ್ಲಿ ಏನೂ ಸಿಗಲ್ಲ ಅಂತಾರೆ. ಎಲ್ಲಾದ್ರೂ ಬಿಲ್ ಮಾಡಿಸ್ಲಾ ಸರ್?

ಬೇಡ! ಮಾರ್ಚ್ ಬಂತಂದ್ರೆ ಇದೇ ಪ್ರಶ್ನೆ, ಹೇಳಿ ಹೇಳಿ ನಂಗೂ ಸಾಕಾಗಿದೆ. ಮೊನ್ನೆ ಒಬ್ರು ತಾಯಿ ಪ್ಲಾಸ್ಟಿಕ್ ಕವರ್ ತುಂಬ ಚೀಟಿ ತಂದು ಟೇಬಲ್ ಮೇಲೆ ಸುರಿದ್ರು, ಕೆಲವು ಕ್ಯಾಲೆಂಡರ್ ಹಾಳೆ ಹಿಂದೆ ಬರೆದಿದ್ದು, ಅರ್ಧಕ್ಕರ್ಧ ಅಳಿಸೇ ಹೋಗಿತ್ತು, ವರ್ಷಪೂರ್ತಿ ಜೋಪಾನ ಮಾಡಿದ್ರಂತೆ ಪಾಪ, ಅದ್ರಲ್ಲಿ ಒಂದೂ ಬೇಕಾಗಿರ್ಲಿಲ್ಲ. 80ಡಿಡಿ ಅಂದ್ರೆ ಅಂಗವೈಕಲ್ಯ ಇರೋ ಮಗುನ ನೋಡ್ಕೊಳ್ಳೋರಿಗೆ ಇನ್ಕಮ್ ಟ್ಯಾಕ್ಸಲ್ಲಿ ಸಿಗೋ ಕಡಿತ, ಅದರ ಲೆಕ್ಕ ನಿಮ್ಮ ಖರ್ಚಿನ ಮೇಲಲ್ಲ, ಅಂಗವೈಕಲ್ಯದ ಶೇಕಡಾವಾರು ಮೇಲೆ. ಶೇ. 40ರಿಂದ 80ರೊಳಗೆ ಇದ್ರೆ ಟ್ಯಾಕ್ಸ್ ಬೀಳೋ ಆದಾಯದಲ್ಲಿ 75,000 ಕಡಿತ, 80 ಮತ್ತು ಮೇಲಕ್ಕೆ 1,25,000. ಮಗುಗೆ ಅಂತ ಖರ್ಚಾಗಿರ್ಬೇಕು, ಅದು 20 ಸಾವಿರವೋ 2 ಲಕ್ಷವೋ, ಕಡಿತ ಅಷ್ಟೇ. ನೀವು ಶೇ. 20ರ ಸ್ಲ್ಯಾಬಲ್ಲಿದ್ರೆ ಸೆಸ್ ಸೇರಿ 15,600 ಉಳಿಯುತ್ತೆ, ಒಂದು ತಿಂಗಳ ಥೆರಪಿ ಕಳೆದು ಇನ್ನೂ ಮಿಗುತ್ತೆ.

ಆದ್ರೆ ಇದು ಹಳೇ ಟ್ಯಾಕ್ಸ್ ರೆಜಿಮ್‌ನಲ್ಲಿ ಮಾತ್ರ. ಈಗ ನೀವು ಏನೂ ಹೇಳ್ದೇ ಇದ್ರೆ ಹೊಸದಕ್ಕೇ ಹೋಗುತ್ತೆ, ಹಾಗಾಗಿ ಎರಡರಲ್ಲೂ ಲೆಕ್ಕ ಹಾಕಿಸಿ ನೋಡಿ, ಹೊಸದರಲ್ಲೇ ಟ್ಯಾಕ್ಸ್ ಕಮ್ಮಿ ಬಂದ್ರೆ ಇದರ ಆಸೆ ಬಿಡಿ. ಆಟಿಸಂ, ಸೆರೆಬ್ರಲ್ ಪಾಲ್ಸಿ ಇರೋರಿಗೆ ಫಾರ್ಮ್ 10-ಐಎ ಅನ್ನೋ ನಮೂನೇಲಿ ಡಾಕ್ಟರ್ ಸರ್ಟಿಫಿಕೇಟ್ ಬೇಕೇ ಬೇಕು, ಎಲ್ರೂ ಎಡವೋದೇ ಇಲ್ಲಿ. ಸರ್ಟಿಫಿಕೇಟ್ ಅವಧಿ ಮುಗಿದಿದ್ಯಾ ಅಂತ ಇವತ್ತೇ ತೆಗೆದು ನೋಡಿ. ನಕಲಿ ಬಿಲ್ ಮಾಡ್ಕೊಡ್ತೀನಿ ಅನ್ನೋರ ಹತ್ರ ಮಾತ್ರ ಸುಳೀಬೇಡಿ, ನಾಳೆ ನೋಟಿಸ್ ಬಂದ್ರೆ ಉತ್ತರ ಕೊಡ್ಬೇಕಾದವ್ರು ನೀವು, ಅವ್ನಲ್ಲ.

ಪ್ರಶ್ನೆ: ಇದೇ ತರ ತೊಂದ್ರೆ ಇರೋ ಮಗಳಿಗೆ ಯಾವ ಕಂಪನಿನೂ ಇನ್ಶೂರೆನ್ಸ್ ಕೊಡ್ತಿಲ್ಲ.

ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಅನ್ನೋ ಆರೋಗ್ಯ ವಿಮೆ ಮಾಡ್ಸಿ. 1 ಲಕ್ಷದವರೆಗೆ ಕವರ್, ಮೊದ್ಲು ಮೆಡಿಕಲ್ ಟೆಸ್ಟ್ ಅಂತಿಲ್ಲ, ಥೆರಪಿಗೂ ಬರುತ್ತೆ. ಇದಕ್ಕೆ ಬಿಲ್ ಬೇಕು, ಇಲ್ಲಿ ಕೇಳಿ ಇಸ್ಕೊಳ್ಳಿ.

ಪ್ರಶ್ನೆ: ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಏಜೆಂಟ್ 3,000 ಕೇಳ್ತಿದ್ದಾನೆ, ಕೊಡ್ಲಾ?

ಒಂದು ರೂಪಾಯಿನೂ ಕೊಡ್ಬೇಡಿ, ಅರ್ಜಿಗೆ ಫೀಸೇ ಇಲ್ಲ.

ಪ್ರಶ್ನೆ: ಸ್ಟೆಮ್ ಸೆಲ್ ಚಿಕಿತ್ಸೆ ಮಾಡ್ಸಿದ್ರೆ ಆಟಿಸಂ ಪೂರ್ತಿ ವಾಸಿ ಅಂತಾರೆ, ಒಡವೆ ಅಡ ಇಟ್ಟಿದ್ದೀವಿ.

ವಾಸಿ ಅನ್ನೋದು ಸುಳ್ಳು. ಒಪ್ಪಿಗೆ ಪಡೆದ ಪ್ರಯೋಗದ ಹೊರಗೆ ಇಂಥದ್ದಕ್ಕೆಲ್ಲ ಸ್ಟೆಮ್ ಸೆಲ್ ಕೊಡೋದೇ ತಪ್ಪು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಲೇ ಇದೆ. ಇಂಥವ್ರನ್ನ ಕಂಡ್ರೆ ನಂಗೆ ಮೈಯೆಲ್ಲ ಉರಿಯುತ್ತೆ. ಅಡ್ವಾನ್ಸ್ ಕೊಟ್ಟಿದ್ರೆ ನಾಳೆನೇ ಹೋಗಿ ವಾಪಸ್ ಕೇಳಿ, ಮೊದ್ಲು ಒಡವೆ ಬಿಡಿಸ್ಕೊಳ್ಳಿ.